ಬಾವಿಗೆ ಎಷ್ಟು ಬ್ಲೀಚಿಂಗ್ ಪೌಡರ್? ಮಳೆ ಹಿಡಿಯುವ ಮೊದಲು ಮನೆಯಲ್ಲಿ ಮಾಡಿಡಬೇಕಾದ ಕೆಲಸ

ಜಗತ್ತೇ ಮುಳುಗಿಹೋದರೂ ತಾವು ಬದುಕಬೇಕೆಂದು ಅಮೆರಿಕದಲ್ಲಿ ಕೆಲವರು ನೆಲಮಾಳಿಗೆ ತೋಡಿ, ವರ್ಷಕ್ಕಾಗುವಷ್ಟು ಡಬ್ಬಿ ಊಟ ಪೇರಿಸಿಕೊಳ್ಳುತ್ತಾರಂತೆ. ಮಲೆನಾಡಿನ ಅಜ್ಜಿಯರು ಸದ್ದಿಲ್ಲದೆ ಪ್ರತಿ ಬೇಸಿಗೆಯಲ್ಲೂ ಮಾಡುತ್ತಿದ್ದುದು ಹೆಚ್ಚುಕಮ್ಮಿ ಅದನ್ನೇ: ಕೊಟ್ಟಿಗೆ ಪಕ್ಕ ಒಣ ಕಟ್ಟಿಗೆ, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ, ಅಟ್ಟದಲ್ಲಿ ಹಪ್ಪಳ, ಕೆಮ್ಮಣ್ಣು ಮೆತ್ತಿಟ್ಟ ಹಲಸಿನ ಬೀಜ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜರಿದು ಮಡಿಕೇರಿ–ಮಂಗಳೂರು ರಸ್ತೆಯೇ ಕಡಿದುಹೋಯಿತು. ಗುಡ್ಡದೂರುಗಳಲ್ಲಿ ನಾಲ್ಕೈದು ದಿನ ಕರೆಂಟು, ರಸ್ತೆ ಇಲ್ಲದಿರುವುದು ಹೊಸತೇನಲ್ಲ. ಅಂಥ ದಿನಗಳಿಗೆ ಅಕ್ಕಿ ಎಲ್ಲರ ಮನೆಯಲ್ಲೂ ಇರುತ್ತದೆ. ಎಡವುವುದು ನೀರಿನಲ್ಲಿ.

ಸುಲಭದ್ದು ಮೊದಲು ಮುಗಿಸೋಣ. ಅಕ್ಕಿ, ಬೇಳೆ, ಅವಲಕ್ಕಿ, ಬೆಲ್ಲ ಎರಡು ವಾರಕ್ಕಾಗುವಷ್ಟು ಇರಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತಿಂಗಳಿಗಾಗುವಷ್ಟು. ಆಧಾರ್, ಪಹಣಿ, ಪಾಸ್‌ಬುಕ್ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಜೊತೆಗೆ ಸ್ವಲ್ಪ ನಗದು. ಟವರ್ ಬಿದ್ದ ಮೇಲೆ ಫೋನ್‌ಪೇ ನಡೆಯುವುದಿಲ್ಲ. ಸಂತೆಯಲ್ಲಿ ಸಿಗುವ ನೂರು ರೂಪಾಯಿಯ ಚಾರ್ಜಿಂಗ್ ಟಾರ್ಚ್ ತರಬೇಡಿ, ಎರಡನೇ ರಾತ್ರಿಗೇ ಕಣ್ಣುಮುಚ್ಚುತ್ತದೆ. ಸೆಲ್ ಹಾಕುವ ಟಾರ್ಚೇ ವಾಸಿ. ಸೆಲ್ ಹೊರಗೆ ತೆಗೆದಿಡಿ.

ಇನ್ನು ನೀರು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿದರೆ, ಐದು ಜನರ ಮನೆಗೆ ಐದು ದಿನಕ್ಕೆ 100 ಲೀಟರ್, ಅಂದರೆ 20 ಲೀಟರಿನ ಐದು ಕ್ಯಾನ್. ತೋಟದ ಔಷಧಿ ಬಂದ ಕ್ಯಾನನ್ನು ಎಷ್ಟೇ ತೊಳೆದರೂ ಇದಕ್ಕೆ ಬಳಸಬೇಡಿ. ಗೋಡೆಗೆ ನೇತುಹಾಕಿದ ದುಬಾರಿ ಫಿಲ್ಟರನ್ನೂ ನೆಚ್ಚಬೇಡಿ, ಕರೆಂಟಿಲ್ಲದಿದ್ದರೆ ಅದು ಗೋಡೆಯ ಅಲಂಕಾರ ಅಷ್ಟೆ.

ಕ್ಯಾನ್ ಖಾಲಿಯಾದ ಮೇಲೆ ಬಾವಿಯೇ ಗತಿ. ನಮ್ಮ ಪಕ್ಕದ ಮನೆ ದೊಡ್ಡಮ್ಮ ಒಂದು ಮಳೆಗಾಲದಲ್ಲಿ ಅರ್ಧ ಕೆ.ಜಿ. ಬ್ಲೀಚಿಂಗ್ ಪೌಡರನ್ನು ಪೊಟ್ಟಣ ಹರಿದು ಹಾಗೇ ಬಾವಿಗೆ ಸುರಿದರು. ವಾರವಿಡೀ ಅವರ ಮನೆ ಕಾಫಿ ಈಜುಕೊಳದ ವಾಸನೆ ಹೊಡೆಯುತ್ತಿತ್ತು. ಇನ್ನು ಕೆಲವರು ದೇವರಿಗೆ ಅಕ್ಷತೆ ಹಾಕಿದ ಹಾಗೆ ಒಂದು ಚಿಟಿಕೆ ಉದುರಿಸಿ ಕೈ ಒರೆಸಿಕೊಳ್ಳುತ್ತಾರೆ. ಎರಡೂ ದಂಡ. ಇದಕ್ಕೊಂದು ಲೆಕ್ಕ ಇದೆ.

ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟುವವರೆಗೆ ಬಿಡಿ. ಮೇಲೆಳೆದಾಗ ಹಗ್ಗ ಎಷ್ಟು ನೆನೆದಿದೆಯೋ ಅಷ್ಟು ನೀರಿನ ಆಳ. ಬಾವಿಯ ಅಗಲವನ್ನೂ ಅಡಿಯಲ್ಲಿ ಅಳೆಯಿರಿ. ಅಗಲವನ್ನು ಅಗಲದಿಂದ ಗುಣಿಸಿ, ಅದನ್ನು ಆಳದಿಂದ ಗುಣಿಸಿ, ಬಂದದ್ದನ್ನು 22ರಿಂದ ಗುಣಿಸಿದರೆ ಸುಮಾರಾಗಿ ಲೀಟರ್ ಲೆಕ್ಕ ಸಿಗುತ್ತದೆ. 5 ಅಡಿ ಅಗಲದ ರಿಂಗ್ ಬಾವಿಯಲ್ಲಿ 10 ಅಡಿ ನೀರಿದ್ದರೆ 5,500 ಲೀಟರ್. ಸಾವಿರ ಲೀಟರಿಗೆ ಒಳ್ಳೆಯ ಪೌಡರ್ ಎರಡೂವರೆ ಗ್ರಾಂ ಬೇಕು. ಅಂದರೆ ಇಡೀ ಬಾವಿಗೆ 14 ಗ್ರಾಂ! ಅಷ್ಟು ಸಣ್ಣ ತೂಕಕ್ಕೆ ತಕ್ಕಡಿ ಎಲ್ಲಿಂದ ತರುವುದು? ಅಂಗಡಿಯಲ್ಲಿ 100 ಗ್ರಾಂ ತೂಗಿಸಿ ತಂದು, ಅದು ಎಷ್ಟು ಮಟ್ಟಸ ಚಮಚ ಆಗುತ್ತದೆಂದು ಒಮ್ಮೆ ಎಣಿಸಿ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ. ಆ ಚಮಚ ಮತ್ತೆ ಅಡುಗೆಮನೆಗೆ ಬರಕೂಡದು.

ಪೌಡರ್ ಹೊಸದಿರಲಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ. ಗಾಳಿ, ತೇವ ತಾಗಿದರೆ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ಚರಂಡಿಗೆ ಚೆಲ್ಲಲೆಂದು ಗೋಣಿಯಲ್ಲಿ ತೆರೆದಿಟ್ಟು ಮಾರುತ್ತಾರಲ್ಲ, ಅದು ಬೇಡ. ಟಾಯ್ಲೆಟ್ ತೊಳೆಯುವ ಆಸಿಡ್ ಪಕ್ಕದಲ್ಲೂ ಇಡಬೇಡಿ. ಎರಡೂ ಬೆರೆತರೆ ಏಳುವ ಗಾಳಿ ಉಸಿರು ಕಟ್ಟಿಸುತ್ತದೆ.

ಹಾಕುವ ಕ್ರಮ ಹೀಗೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪೌಡರಿಗೆ ಸ್ವಲ್ಪ ನೀರು ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಗಂಟು ಉಳಿಯಬಾರದು. ಮುಕ್ಕಾಲು ಬಕೆಟ್ ನೀರು ತುಂಬಿ, ಕೋಲಿನಿಂದ ಕಲಕಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಾವಿಯ ಕೊಡಪಾನಕ್ಕೆ ಬಗ್ಗಿಸಿ, ಸುಣ್ಣವನ್ನು ದೂರ ಚೆಲ್ಲಿ; ಅದು ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ. ಈಗ ಕೊಡಪಾನವನ್ನು ನೀರಿನೊಳಗೆ ಮುಳುಗಿಸಿ, ಹಗ್ಗ ಹಿಡಿದು ಮೇಲೆ ಕೆಳಗೆ, ಆ ಕಡೆ ಈ ಕಡೆ ಚೆನ್ನಾಗಿ ಜಗ್ಗಾಡಿ. ಮೇಲಿಂದ ಸುರಿದು ಬಂದರೆ ತಳದ ನೀರಿಗೆ ಮದ್ದು ತಾಗುವುದೇ ಇಲ್ಲ. ಕನಿಷ್ಠ ಒಂದು ಗಂಟೆ ಆ ನೀರು ಮುಟ್ಟಬೇಡಿ. ನಾನಂತೂ ರಾತ್ರಿ ಊಟ ಆದ ಮೇಲೇ ಹಾಕುವುದು, ಬೆಳಗಿನವರೆಗೆ ಯಾರೂ ಅತ್ತ ಹೋಗುವುದಿಲ್ಲ.

ನೆನಪಿಡಿ, ಇದು ತಿಳಿ ನೀರಿನ ಲೆಕ್ಕ. ಕೆಂಪು ನೀರು ನುಗ್ಗಿದ ಬಾವಿಯಲ್ಲಿ ಹಾಕಿದ ಕ್ಲೋರಿನ್ನನ್ನೆಲ್ಲ ಕೆಸರೇ ತಿಂದುಹಾಕುತ್ತದೆ. ಅಂಥ ಬಾವಿ ಬರಿದು ಮಾಡಿ, ತೊಳೆದು, ಊಟೆ ಬಂದ ಮೇಲೆಯೇ ಮದ್ದು. ಆದರೆ ಮಳೆ ನಿಂತ ಮರುದಿನವೇ ಪಂಪ್ ಹಚ್ಚಿ ಒಮ್ಮೆಲೇ ಖಾಲಿ ಮಾಡಿದರೆ ನೀರು ಕುಡಿದು ಉಬ್ಬಿದ ಮಣ್ಣು ರಿಂಗುಗಳನ್ನು ಒಳಕ್ಕೆ ನೂಕಬಹುದು. ಭೂಮಿ ಸ್ವಲ್ಪ ಆರಲಿ. ಸ್ಫಟಿಕ ತಿರುವಿದರೆ ನೀರು ತಿಳಿಯಾಗುತ್ತದೆ, ರೋಗಾಣು ಸಾಯುವುದಿಲ್ಲ. ಆರೋಗ್ಯ ಇಲಾಖೆಯವರು ಪರೀಕ್ಷೆ ಮಾಡಿ ಹೇಳುವವರೆಗೆ ಕೊತಕೊತ ಕುದಿಸಿಯೇ ಕುಡಿಯಿರಿ. ಅಷ್ಟಾಗಿಯೂ ಭೇದಿ ಶುರುವಾದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಇಷ್ಟೆಲ್ಲ ಜೋಡಿಸಿಟ್ಟ ಮನೆಯನ್ನು ಬಿಟ್ಟು ಹೊರಡಬೇಕಾಗಿಯೂ ಬರಬಹುದು. ಅಂಗಳದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ವಾಲಿದ ಮರ, ಜೋರು ಮಳೆಯಲ್ಲೇ ತಟ್ಟನೆ ಬತ್ತಿದ ಅಥವಾ ಕೆಂಪಾದ ಹಳ್ಳ ಕಂಡರೆ ಹೊತ್ತು ಗೊತ್ತು ನೋಡಬೇಡಿ. 112ಕ್ಕೋ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೋ ಫೋನ್ ಹಚ್ಚುತ್ತಲೇ ಕಾಗದಪತ್ರದ ಚೀಲ, ಮಾತ್ರೆ, ಟಾರ್ಚ್ ತೆಗೆದುಕೊಳ್ಳಿ. ಹೋಗುವಾಗ ಕೊಟ್ಟಿಗೆಯಲ್ಲಿ ದನಗಳ ಹಗ್ಗ ಬಿಚ್ಚಿಬಿಡಿ.