ಹವಳದ ತೊಟ್ಟಿಯ ಕೂದಲು ಪಾಚಿ ತೊಲಗಿದ ಬಗೆ

ಧಾರವಾಡದ ನಮ್ಮ ಮನೆಯ ಉಪ್ಪುನೀರಿನಲ್ಲಿ ಹವಳ ಸಾಕುವ 150 ಲೀಟರಿನ ತೊಟ್ಟಿಯಲ್ಲಿ ಕಳೆದ ಮಳೆಗಾಲದಲ್ಲಿ ಕಲ್ಲುಗಳ ಮೇಲೆ ಹಸಿರು ಕೂದಲು ಪಾಚಿ ಹಬ್ಬಿ, ಹಳೆಯ ಟೂತ್‌ಬ್ರಷ್ಷಿನಿಂದ ಎಷ್ಟು ಸಲ ಕೆರೆದು ತೆಗೆದರೂ ವಾರದೊಳಗೆ ಮತ್ತೆ ಬೆರಳುದ್ದ ಬೆಳೆಯುತ್ತಿತ್ತು. ದೀಪದ ಅವಧಿಯನ್ನು 10 ಗಂಟೆಯಿಂದ 7ಕ್ಕೆ ಇಳಿಸಿದರೂ ಫಲ ಕಾಣಲಿಲ್ಲ. ಕೊನೆಗೆ, ಉಪ್ಪು ಬೆರೆಸುವ ಮೊದಲಿನ ಆರ್‌ಓ ಯಂತ್ರದಲ್ಲಿ ಸೋಸಿದ ನೀರಿಗೆ, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದಾಗ, ಸೊನ್ನೆಯ ಆಸುಪಾಸಿನಲ್ಲಿರಬೇಕಾದ ಅಂಕಿ 46 ತೋರಿಸಿತು. ದೋಷ ಮಲಪ್ರಭೆಯ ನಲ್ಲಿ ನೀರಿನದಲ್ಲ, ಆ ಯಂತ್ರದ ಸೋಸುಪೊರೆಯಾದ ಮೆಂಬ್ರೇನ್ ಸವೆದರೂ ಅದನ್ನು ಎರಡು ವರ್ಷ ಹಾಗೆಯೇ ಬಿಟ್ಟಿದ್ದ ನನ್ನದೇ. ಮೆಂಬ್ರೇನನ್ನೂ ಉಳಿದ ಲವಣಗಳನ್ನು ಹಿಡಿದಿಡುವ ಡಿಐ ರೆಸಿನ್ನನ್ನೂ ಬದಲಿಸಿ, ವಾರಕ್ಕೊಮ್ಮೆ 20 ಲೀಟರ್ ನೀರು ಬದಲಾಯಿಸುತ್ತ, ಹೆಪ್ಪುಗಟ್ಟಿಸಿದ ಸೀಗಡಿಯನ್ನು ಚಹಾ ಸೋಸುವ ಜರಡಿಯಲ್ಲಿ ತೊಳೆದು ಹಾಕತೊಡಗಿದ ಮೇಲೆ, ಪಾಚಿಗೆ ಆಹಾರವಾಗುವ ಫಾಸ್ಫೇಟ್ ಆರು ವಾರಗಳಲ್ಲಿ 0.25ರಿಂದ 0.05 ಪಿಪಿಎಂಗೆ ಇಳಿಯಿತು. ಹವಳಕ್ಕೂ ಅದು ತುಸು ಬೇಕಾದ್ದರಿಂದ ಸೊನ್ನೆಗೆ ತರಲು ನಾನು ಹೋಗಲಿಲ್ಲ. ಈಗ ಅದೇ ಕಲ್ಲುಗಳ ಮೇಲೆ ಹವಳದ ತೊಟ್ಟಿಯಲ್ಲಿ ಒಳ್ಳೆಯ ಲಕ್ಷಣವೆನಿಸುವ ನೇರಳೆ ಬಣ್ಣದ ಸುಣ್ಣಪಾಚಿ ಹರಡುತ್ತಿದೆ.