‘ಚುರುಕು’ ಪದವನ್ನು ಸರಿಯಾಗಿ ಬಳಸುವುದು ಹೇಗೆ?

ಮೊದಲು, ಯಾವುದರ ಬಗ್ಗೆ ಬರೆಯುತ್ತಿದ್ದೀರಿ ಎಂದು ನೋಡಿಕೊಳ್ಳಿ. ಬುದ್ಧಿ, ಕಣ್ಣು, ಕೈ, ಕೆಲಸ, ಬಿಸಿಲು – ಇವೆಲ್ಲಕ್ಕೂ ‘ಚುರುಕು’ ಹೊಂದುತ್ತದೆ. ಬಸ್ಸಿಗೆ ಹೊಂದುವುದಿಲ್ಲ. ಬಸ್ಸು ವೇಗವಾಗಿ ಹೋಗುತ್ತದೆ, ಚುರುಕಾಗಿರಬೇಕಾದವನು ಚಾಲಕ. ಬುದ್ಧಿಯ ಮಾತು ಬಂದಾಗ ಬರೀ ವೇಗ ಸಾಲದು, ಎಚ್ಚರವೂ ಜೊತೆಗಿರಬೇಕು.

ಮನುಷ್ಯರ ಬಗ್ಗೆ ಬರೆಯುವಾಗ ‘ಜಾಣ’ ಬೇಕೋ ‘ಚುರುಕು’ ಬೇಕೋ ಯೋಚಿಸಿ. ಗೊಂದಲ ಜಾಸ್ತಿ ಇರುವುದು ಇಲ್ಲೇ. ಅರ್ಧ ಗಂಟೆ ಕೂತು ಲೆಕ್ಕ ಬಿಡಿಸಿದವಳೂ ಜಾಣೆಯೇ. ಲೆಕ್ಕ ಓದಿ ಮುಗಿಸುವಷ್ಟರಲ್ಲಿ ದಾರಿ ಹೊಳೆದರೆ ಅದು ಚುರುಕು. ಹಾಗಾಗಿ ಚುರುಕಿಲ್ಲ ಎಂದ ಮಾತ್ರಕ್ಕೆ ದಡ್ಡ ಎಂದಲ್ಲ. ನಿಧಾನವಾಗಿ ಕಲಿಯುವ ಮಕ್ಕಳ ಬಗ್ಗೆ ಬರೆಯುವವರು ಇದನ್ನು ಖಂಡಿತ ಮರೆಯಬಾರದು.

ಆಮೇಲೆ ಅಕ್ಕಪಕ್ಕದ ಪದಗಳನ್ನು ತೂಗಿ ನೋಡಿ. ‘ಚೂಟಿ’ಯಲ್ಲಿ ಅಕ್ಕರೆಯಿದೆ, ಮಕ್ಕಳಿಗೆ ಚೆನ್ನ. ‘ಚಾಲಾಕಿ’ಗೆ ಸ್ವಲ್ಪ ಕಪಟದ ವಾಸನೆ, ಹೊಗಳುವಾಗ ಬೇಡ. ಕಷ್ಟ ಎದುರಾದ ಗಳಿಗೆಯಲ್ಲೇ ಉಪಾಯ ಹೊಳೆಯುವುದಕ್ಕೆ ‘ಸಮಯಸ್ಫೂರ್ತಿ’ ಇದೆ. ಹಾಗೆ ಹೊಳೆಯುವವರಿಗೆ ‘ಪ್ರತ್ಯುತ್ಪನ್ನಮತಿ’ ಎಂಬ ಹಳೆಯ ಪದವೂ ಇದೆ. ಮೂರು ಮೀನುಗಳ ಕಥೆಯಲ್ಲಿ ಸತ್ತಂತೆ ನಟಿಸಿ ಬೆಸ್ತರಿಂದ ಪಾರಾಗುವ ಮೀನಿನ ಹೆಸರೇ ಅದು.

ರೂಪಗಳು ಸುಲಭ: ಚುರುಕು ಬುದ್ಧಿ, ಚುರುಕಾದ ಹುಡುಗಿ, ಚುರುಕಾಗಿ ಉತ್ತರಿಸಿದಳು. ‘ಚುರುಕುಗೊಳ್ಳು’ ಬಳಸುವಾಗ ಮಾತ್ರ ಸ್ವಲ್ಪ ಎಚ್ಚರ. ತನಿಖೆ ಚುರುಕುಗೊಂಡಿದೆ ಎನ್ನಬೇಕಾದರೆ ತನಿಖೆ ಮೊದಲೇ ಶುರುವಾಗಿರಬೇಕು. ಮುಂಗಾರು ಚುರುಕಾಗಿದೆ ಎಂದರೂ ಅಷ್ಟೇ, ಮಳೆ ಆಗಲೇ ಬಂದಿದೆ, ಈಗ ಜೋರು ಹಿಡಿದಿದೆ.

ಕೊನೆಯದು ‘ಚುರುಕು ಮುಟ್ಟಿಸು’. ಇದು ನನಗೆ ತುಂಬ ಇಷ್ಟದ ಬಳಕೆ, ತಪ್ಪಾಗುವುದೂ ಸುಲಭ. ಬಿಸಿ ಪಾತ್ರೆ ತಾಗಿದರೆ ಕೈ ‘ಚುರ್’ ಅನ್ನುತ್ತದೆ, ಹಸಿದರೆ ಹೊಟ್ಟೆ ಚುರುಗುಟ್ಟುತ್ತದೆ, ಅಲ್ವಾ? ಈ ನುಡಿಗಟ್ಟಿನಲ್ಲಿರುವುದು ಆ ಉರಿ. ತಪ್ಪು ಮಾಡಿದವರಿಗೆ ನಾಟುವಂತೆ ಬುದ್ಧಿ ಕಲಿಸುವುದು ಎಂದರ್ಥ. ‘ಶಿಕ್ಷಕಿ ಮಕ್ಕಳಿಗೆ ಚುರುಕು ಮುಟ್ಟಿಸಿದರು’ ಎಂದು ಬರೆದರೆ ಓದುಗರ ಕಣ್ಣಿಗೆ ಬರುವುದು ಬೈಗುಳ, ಶಿಕ್ಷೆ. ಪಾಠ ಚೆನ್ನಾಗಿ ಹೇಳಿಕೊಟ್ಟರು ಎನ್ನುವುದಿದ್ದರೆ ‘ಮಕ್ಕಳ ಬುದ್ಧಿಯನ್ನು ಚುರುಕುಗೊಳಿಸಿದರು’ ಎಂದು ಬರೆಯಿರಿ.