ತೋಟದ ಮನೆಯಲ್ಲಿ ಕಡಲ ತೊಟ್ಟಿ

ಅಡಿಕೆ ತೋಟದ ಮಗ್ಗುಲಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವವನು ಎಲ್ಲಕ್ಕಿಂತ ಮೊದಲು ಹೆದರಬೇಕಾದದ್ದು ಮೈಲುತುತ್ತಕ್ಕೆ, ಅಂದರೆ ತಾಮ್ರದ ಸಲ್ಫೇಟಿಗೆ. ಕೊಳೆರೋಗ ತಡೆಯಲು ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ತೀರ್ಥಹಳ್ಳಿ ಸೀಮೆಯ ನಾವೆಲ್ಲ ಬೋರ್ಡೊ ದ್ರಾವಣ ಹೊಡೆಸುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಗೊನೆಯಿಂದ ತೊಟ್ಟಿಕ್ಕಿದ ತಾಮ್ರವನ್ನು ಮಣ್ಣು ಬಹಳಮಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದು ನಿಜ. ಆದರೆ ಔಷಧಿ ಕಲಸುವ ಡ್ರಮ್ಮು ಇರುವುದು ಬಾವಿಕಟ್ಟೆಯ ಪಕ್ಕದಲ್ಲೇ, ಕೈಕಾಲು ತೊಳೆಯುವುದೂ ಅಲ್ಲೇ. ಕುಡಿಯುವ ನೀರಿನಲ್ಲಿ ಬೇರೆ ದಾರಿಯಿಲ್ಲದಿದ್ದರೆ ಲೀಟರಿಗೆ 1.5 ಮಿಲಿಗ್ರಾಂ ತನಕ ತಾಮ್ರವನ್ನು ಭಾರತೀಯ ಮಾನಕ ಸಹಿಸುತ್ತದೆ. ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಹಾಕುವ ತಾಮ್ರದ ಔಷಧಿಯ ಪ್ರಮಾಣವೇ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಅಷ್ಟಕ್ಕೇ ಆ ತೊಟ್ಟಿಯ ಸೀಗಡಿ, ಬಸವನಹುಳು, ಹವಳ ಯಾವುದೂ ಉಳಿಯುವುದಿಲ್ಲ. ನಾವು ಆರಾಮವಾಗಿ ಕುಡಿದು ಜೀರ್ಣಿಸಿಕೊಳ್ಳುವ ನೀರು ಅವಕ್ಕೆ ವಿಷವಾಗಬಹುದು.

ನಮ್ಮ ಬಾವಿಯ ನೀರನ್ನು ಟಿಡಿಎಸ್ ಮೀಟರಿನಲ್ಲಿ ನೋಡಿದರೆ 40ರ ಆಸುಪಾಸು ತೋರಿಸುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಕಂಡವರು ಈ ಸಂಖ್ಯೆಗೆ ಕೈಮುಗಿಯುತ್ತಾರೆ. "ಇಂಥ ನೀರಿಗೂ ಫಿಲ್ಟರ್ ಬೇಕೇನೋ ಮಾರಾಯ?" ಎಂದು ಪಕ್ಕದ ಮನೆಯ ದೊಡ್ಡಪ್ಪ ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಆ ಮೀಟರು ಅಳೆಯುವುದು ನೀರು ಎಷ್ಟು ವಿದ್ಯುತ್ ಹರಿಯಗೊಡುತ್ತದೆ ಎಂಬುದನ್ನು ಮಾತ್ರ. ಆ ನಲವತ್ತರೊಳಗೆ ಸುಣ್ಣದ ಅಂಶ ಎಷ್ಟು, ತಾಮ್ರ ಎಷ್ಟು ಎಂದು ಅದು ಹೇಳುವುದಿಲ್ಲ. ಆದ್ದರಿಂದ ಆರ್‌ಒ ಯಂತ್ರ, ಅದು ದಾಟಿದ ಮೇಲೆ ಉಳಿದ ಲವಣಗಳನ್ನೂ ಹಿಡಿದಿಟ್ಟುಕೊಳ್ಳುವ ಡಿಐ ರಾಳದ ಕೊಳವೆ, ಕೊನೆಗೆ ಮೀಟರಿನಲ್ಲಿ ಸೊನ್ನೆ. ಸೊನ್ನೆ ಅಲ್ಲದ ನೀರು ತೊಟ್ಟಿಗೆ ಇಳಿಯುವುದಿಲ್ಲ, ಇದರಲ್ಲಿ ರಾಜಿ ಇಲ್ಲ. ಮನೆಯ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿನ ಒತ್ತಡ ಆರ್‌ಒ ಪೊರೆಗೆ ಸಾಲದು, ಬೂಸ್ಟರ್ ಪಂಪು ಬೇಕು. ಹೊರಬೀಳುವ ನೀರು ಬಾಳೆಯ ಬುಡಕ್ಕೆ ಹೋಗುತ್ತದೆ. ಮೊದಲೇ ಮೃದು ನೀರಾದ್ದರಿಂದ ಬಾಳೆಗೆ ತೊಂದರೆಯಿಲ್ಲ.

ತಾಮ್ರದ ವಿಷಯದಲ್ಲಿ ಇನ್ನೊಂದು ಎಚ್ಚರ. ನಮ್ಮ ಕಡೆಯ ಮನೆಗಳಲ್ಲಿ ನೀರು ತುಂಬಲು ಎಂದರೆ ಕೈ ತಾನಾಗಿ ತಾಮ್ರದ ಹಂಡೆಗೋ ಹಿತ್ತಾಳೆ ಕೊಡಪಾನಕ್ಕೋ ಹೋಗುತ್ತದೆ. ಉಪ್ಪುನೀರು ಎರಡನ್ನೂ ತಿನ್ನುತ್ತದೆ. ಆಹಾರ ತುಂಬಲು ಯೋಗ್ಯವಾದ ಪ್ಲಾಸ್ಟಿಕ್ ಡ್ರಮ್ಮುಗಳನ್ನು ತಂದು "ಇದು ಮೀನಿನದ್ದು" ಎಂದು ದಪ್ಪಕ್ಷರದಲ್ಲಿ ಬರೆದಿಟ್ಟೆ. ಹಿತ್ತಾಳೆ ನಲ್ಲಿ ತೆಗೆಸಿ ಪ್ಲಾಸ್ಟಿಕ್ ಹಾಕಿಸಿದೆ.

ಇಷ್ಟೆಲ್ಲ ಏಕೆ, ಆಗುಂಬೆ ಘಾಟಿ ಇಳಿದರೆ ಮಲ್ಪೆ, ಕ್ಯಾನಿನಲ್ಲಿ ಕಡಲನ್ನೇ ತುಂಬಿ ತರಬಹುದಲ್ಲ ಎಂದು ಕೇಳದವರಿಲ್ಲ. ತರಬಹುದು. ಆದರೆ ನಮ್ಮ ಕರಾವಳಿಯಲ್ಲಿ ಹೊಳೆಗಳು ಸಾಲುಸಾಲಾಗಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಅಳಿವೆಯ ಸುತ್ತಲಿನ ನೀರು ಕೆಂಪುಮಣ್ಣು ಬೆರೆತು ಉಪ್ಪು ಇಳಿದ ನೀರು. ಬಂದರಿನ ಬಳಿಯದಾದರೆ ದೋಣಿಯ ಡೀಸೆಲ್ ಬೇರೆ. ಪ್ರತಿ ತಿಂಗಳೂ ಒಂದೇ ಗುಣದ ನೀರು ಬೇಕಾದವನಿಗೆ ಪುಡಿಯ ರೂಪದ ಕಡಲ ಉಪ್ಪೇ ವಾಸಿ. ಅಡುಗೆ ಉಪ್ಪಿನಲ್ಲಿ ಮಾಡಲಾಗದು. ಅದು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 1300 ಮಿಲಿಗ್ರಾಂ ಮೆಗ್ನೀಸಿಯಂ, 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತವೆ. ಹವಳ ಬೆಳೆಯುವುದು ಅವುಗಳಿಂದ.

ತೊಟ್ಟಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕೆಳಗೊಂದು ಸಣ್ಣ ಸಂಪು. ಎರಡೂ ಸೇರಿ ಇನ್ನೂರು ಲೀಟರ್ ನೀರು. ಗಾಜು, ಕಲ್ಲು, ಮರಳು, ಸ್ಟ್ಯಾಂಡು ಎಲ್ಲ ಕೂಡಿದರೆ ಮುನ್ನೂರು ಕಿಲೋ ಹತ್ತಿರ. ಹಳೆಯ ಮನೆಯ ಮರದ ಮಹಡಿ ಇದನ್ನು ಹೊರುವ ಆಸೆ ಬೇಡ. ಕೆಳಗಿನ ಕೋಣೆಯಲ್ಲಿ, ಕೆಂಪು ಗಾರೆಯ ನೆಲದ ಮೇಲೆ, ಬಿಸಿಲು ನೇರ ಬೀಳದ ಗೋಡೆಗೆ ಇಟ್ಟೆ. ಗಾರೆ ನೆಲ ಕಣ್ಣಿಗೆ ಕಂಡಷ್ಟು ಸಮವಾಗಿರುವುದಿಲ್ಲ, ಮೇಸ್ತ್ರಿಯ ರಸಮಟ್ಟ ಇಟ್ಟು ನೋಡಲೇಬೇಕು. ಕಬ್ಬಿಣದ ಸ್ಟ್ಯಾಂಡು ಉಪ್ಪಿಗೂ ನಮ್ಮ ಮಳೆಗಾಲದ ಥಂಡಿಗೂ ಬೇಗ ತುಕ್ಕು ಹಿಡಿಯುತ್ತದೆ. ಹಲಸಿನ ಮರದ್ದು ಮಾಡಿಸಿದೆ.

ಕಲ್ಲಿನ ವಿಚಾರಕ್ಕೆ ಊರೇ ಸಲಹೆ ಕೊಟ್ಟಿತು. ಜಂಬಿಟ್ಟಿಗೆ ಕಲ್ಲಿನ ತುಂಬ ತೂತು, ಬ್ಯಾಕ್ಟೀರಿಯಾಕ್ಕೆ ತೂತು ಬೇಕಲ್ಲವೇ, ಹಿತ್ತಿಲಲ್ಲೇ ರಾಶಿ ಬಿದ್ದಿದೆ ಎಂದರು. ತೂತಿನ ಮಾತು ಸರಿ. ಆದರೆ ಜಂಬಿಟ್ಟಿಗೆ ಎಂದರೆ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ಗಂಟು, ಹವಳದ ತೊಟ್ಟಿಗೆ ಹೇಳಿದ್ದಲ್ಲ. ಅಂಗಡಿಗಳಲ್ಲಿ 'ಲೈವ್ ರಾಕ್' ಎಂದು ಗುಟ್ಟಾಗಿ ಮಾರುವ ಕಲ್ಲೂ ಬೇಡ. ಅದು ಹವಳದ ದಿಬ್ಬದಿಂದ ಒಡೆದು ತಂದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳಿಗೂ ಬೀಸಣಿಗೆ ಹವಳಗಳಿಗೂ ಕಡಲ ಕುದುರೆಗೂ ರಕ್ಷಣೆಯಿದೆ. ನಮ್ಮ ರಾಜ್ಯದ ಹವಳ ನೋಡುವ ಆಸೆಯಿದ್ದವರು ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಮುಳುಗಿ ನೋಡಿ ಬರಲಿ, ಮುಟ್ಟದೆ. ನಾನು ತಂದದ್ದು ಕೃತಕ ಒಣಕಲ್ಲು, ಅರಗೊನೈಟ್ ಎಂಬ ಸುಣ್ಣದ ಖನಿಜದ ಮರಳು. ತುಂಗೆಯ ಮರಳು ಎಷ್ಟೇ ಚೆಂದವಿರಲಿ, ಈ ಕೆಲಸಕ್ಕಲ್ಲ. ಒಣಕಲ್ಲಿನಲ್ಲಿ ಜೀವ ಎಂಬುದೇ ಇರುವುದಿಲ್ಲವಾದ್ದರಿಂದ ತೊಟ್ಟಿ ಹದಕ್ಕೆ ಬರಲು ಹೆಚ್ಚು ಕಾಲ ಬೇಕು. ಕಳ್ಳಮಾಲಿಗೆ ಹೋಲಿಸಿದರೆ ಆ ಕಾಯುವಿಕೆ ಅಗ್ಗ.

ಉಪ್ಪು ಕಲಸುವಾಗ ನೀರು ಮೊದಲು, ಉಪ್ಪು ಆಮೇಲೆ, ಸ್ವಲ್ಪಸ್ವಲ್ಪವಾಗಿ. ತಿರುಗುಮುರುಗು ಮಾಡಿದರೆ ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕೆ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಇನ್ನೂರು ಲೀಟರಿಗೆ ಏಳೂವರೆ ಕಿಲೋ ಹತ್ತಿರ ಹಿಡಿಯುತ್ತದೆ. ಪಂಪು ಮತ್ತು ಹೀಟರ್ ಹಾಕಿ ರಾತ್ರಿಯಿಡೀ ತಿರುಗಲು ಬಿಟ್ಟು ಬೆಳಿಗ್ಗೆ ಅಳೆದೆ: 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ 1.026, ಅಂದರೆ ಸಾವಿರಕ್ಕೆ 35 ಭಾಗ ಉಪ್ಪು. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರೀ ನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು. 35ರ ದ್ರಾವಣದ ಪುಟ್ಟ ಶೀಸೆ ಸಿಗುತ್ತದೆ, ಅದರಲ್ಲಿ ಹೊಂದಿಸಬೇಕು. ಜೂನ್ ಬಂದರೆ ಉಪ್ಪಿನ ಚೀಲ ಬಾಯಿ ತೆರೆದಿಡುವಂತಿಲ್ಲ. ಗಾಳಿಯ ತೇವ ಕುಡಿದು ಗಟ್ಟಿಯಾದ ಉಪ್ಪಿನಲ್ಲಿ ಕ್ಯಾಲ್ಸಿಯಂ, ಕ್ಷಾರ ಒಂದಕ್ಕೊಂದು ಹತ್ತಿಕೊಂಡಿರುತ್ತವೆ.

ಇನ್ನು ಹದಗೊಳಿಸುವ ಕೆಲಸ, ಸೈಕ್ಲಿಂಗ್ ಎನ್ನುತ್ತಾರಲ್ಲ ಅದು. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ಎರಡು ಗುಂಪುಗಳು ಕಲ್ಲು, ಮರಳಿನ ಮೇಲೆ ಮನೆ ಮಾಡುವ ತನಕ ತೊಟ್ಟಿಗೆ ಮೀನು ಬಿಡಬಾರದು. ಮೊದಲೆಲ್ಲ ಒಂದು ಗಟ್ಟಿ ಜೀವದ ಮೀನನ್ನು ಬಿಟ್ಟು ಅದು ನರಳುತ್ತಿರುವಾಗಲೇ ತೊಟ್ಟಿ ಹದ ಮಾಡುತ್ತಿದ್ದರು. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಅಮೋನಿಯಾ, ಮೀನಲ್ಲ. ಅದು ಶೀಸೆಯಲ್ಲಿ ಸಿಗುತ್ತದೆ. ಕಲಾಯಿ ಹಾಕುವವರು ಬಳಸುವ ನವಸಾಗರವೂ ಅಮೋನಿಯಂ ಕ್ಲೋರೈಡೇ. ಆದರೆ ಸಂತೆಯ ನವಸಾಗರದಲ್ಲಿ ಇನ್ನೇನು ಬೆರೆತಿದೆಯೋ, ನಾನು ಪ್ರಯೋಗಶಾಲೆಗೆ ಮಾರುವ ಶುದ್ಧ ಪುಡಿಯನ್ನೇ ತರಿಸಿದೆ. ಇನ್ನೂರು ಲೀಟರಿನಲ್ಲಿ ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ ಆಗಲು ಒಂದೂಕಾಲು ಗ್ರಾಂ ಸಾಕು. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಇಲ್ಲಿ ಬೇಕಾಗುತ್ತದೆ. ಜಾಸ್ತಿ ಹಾಕಿದರೆ ಬೇಗ ಆದೀತೆಂಬ ಲೆಕ್ಕ ನಡೆಯುವುದಿಲ್ಲ. 5 ದಾಟಿದರೆ ಎರಡನೆಯ ಗುಂಪಿನ ಬ್ಯಾಕ್ಟೀರಿಯಾವೇ ಮಂಕಾಗುತ್ತದೆ.

ಬೀಜಕ್ಕೆ ಶೀಸೆಯ ಬ್ಯಾಕ್ಟೀರಿಯಾ ಹಾಕಿದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಹೆಪ್ಪು ಇಲ್ಲದೆಯೂ ಒಡೆಯದೆ ಉಳಿದರೆ ಎಂದಾದರೂ ಗಟ್ಟಿಯಾದೀತು, ಹೆಪ್ಪು ಇದ್ದರೆ ದಾರಿ ಹತ್ತಿರ. ಸಿಹಿನೀರಿನ ಅಕ್ವೇರಿಯಂ ಇಟ್ಟ ಗೆಳೆಯರೊಬ್ಬರು ತಮ್ಮ ಹಳೆಯ ಫಿಲ್ಟರಿನ ಸ್ಪಂಜು ಕೊಡಲು ಬಂದರು. ಸಿಹಿನೀರಿನ ಬ್ಯಾಕ್ಟೀರಿಯಾ ಈ ಉಪ್ಪಿಗೆ ತಟ್ಟನೆ ಹೊಂದಿಕೊಳ್ಳುವುದಿಲ್ಲ ಎಂದು ವಿವರಿಸಿ, ಕಾಫಿ ಕೊಟ್ಟು ಕಳಿಸಿದೆ. ನೀರು 27 ಡಿಗ್ರಿ, ಪಂಪು ಸದಾ ಚಾಲೂ, ದೀಪ ಪೂರ್ತಿ ಬಂದ್. ಬ್ಯಾಕ್ಟೀರಿಯಾಕ್ಕೆ ಬೆಳಕು ಬೇಡ, ಬೆಳಕು ಕೊಟ್ಟರೆ ಪಾಚಿಗೇ ಹಬ್ಬ.

ಮೊದಮೊದಲು ಏನೂ ನಡೆಯುವುದಿಲ್ಲ. ಮನೆಗೆ ಬಂದವರು ಖಾಲಿ ತೊಟ್ಟಿಯಲ್ಲಿ ಕಲ್ಲಿಗೆ ಸ್ನಾನ ಮಾಡಿಸುತ್ತಿದ್ದೇನೆ ಎಂದು ನಗುತ್ತಾರೆ. ಆಮೇಲೆ ಅಮೋನಿಯಾ ಇಳಿಯತೊಡಗುತ್ತದೆ, ನೈಟ್ರೈಟ್ ಏರುತ್ತದೆ, ಪರೀಕ್ಷೆಯ ಕೊಳವೆ ನೇರಳೆ ಬಣ್ಣಕ್ಕೆ ತಿರುಗಿ ಅಲ್ಲೇ ನಿಂತುಬಿಡುತ್ತದೆ. ಇಲ್ಲಿ ಹೆಚ್ಚಿನವರು ಗಾಬರಿಯಾಗಿ ನೀರು ಬದಲಿಸುತ್ತಾರೆ. ಬೇಕಿಲ್ಲ. ಕಡಲ ನೀರಿನಲ್ಲಿ ಕ್ಲೋರೈಡ್ ಅಷ್ಟೊಂದು ಇರುವುದರಿಂದ ನೈಟ್ರೈಟ್ ಸಿಹಿನೀರಿನಲ್ಲಿ ಮಾಡುವಷ್ಟು ಕೆಡುಕನ್ನು ಮೀನಿಗೆ ಮಾಡುವುದಿಲ್ಲ. ಅದು ಕೆಲಸ ಎಲ್ಲಿಗೆ ಬಂತು ಎಂದು ತೋರಿಸುವ ಗುರುತು ಮಾತ್ರ. ನೈಟ್ರೈಟ್ ಇರುವಾಗ ನೈಟ್ರೇಟ್ ಪರೀಕ್ಷೆಯನ್ನು ನಂಬಲೂಬಾರದು. ಆ ಕಿಟ್ ನೈಟ್ರೇಟನ್ನು ನೈಟ್ರೈಟ್ ಮಾಡಿಯೇ ಅಳೆಯುವುದರಿಂದ ಸುಳ್ಳು ಸಂಖ್ಯೆ ಕೊಡುತ್ತದೆ. ಅಮೋನಿಯಾದ ಹಸಿರು ಬಣ್ಣವನ್ನಂತೂ ಆಷಾಢದ ಮಬ್ಬಿನಲ್ಲಿ, ಒಳಕೋಣೆಯಲ್ಲಿ ನಿಂತು ಓದಲೇಬಾರದು. ಜಗಲಿಗೆ ತಂದು, ಬಿಳಿ ಹಾಳೆಯ ಮುಂದೆ ಹಿಡಿದು ನೋಡಬೇಕು.

ಈ ಹೊತ್ತಿನಲ್ಲಿ ಸದ್ದಿಲ್ಲದೆ ಕುಸಿಯುವುದು ಕ್ಷಾರ, ಅಂದರೆ ನೀರು ಹುಳಿಯಾಗದಂತೆ ತಡೆಯುವ ಶಕ್ತಿ. ಅದನ್ನು ಅಳೆಯುವ ಮಾನ ಡಿಕೆಎಚ್. ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯಾ ಜೀರ್ಣವಾದಾಗ ಸುಮಾರು 0.65 ಡಿಕೆಎಚ್ ಕ್ಷಾರ ಖರ್ಚಾಗುತ್ತದೆ. ಅದು 7ಕ್ಕಿಂತ ಕೆಳಗೆ ಇಳಿಯದಂತೆ ಅಡಿಗೆ ಸೋಡಾ ಕರಗಿಸಿ ಹಾಕುತ್ತಿದ್ದೆ. ಪಿಎಚ್ ಮಾತ್ರ ಕ್ಷಾರ ಸರಿಯಿದ್ದರೂ 7.8ರಲ್ಲೇ ಕುಂಟುತ್ತಿತ್ತು. ಕಾರಣ ತೊಟ್ಟಿಯಲ್ಲಿರಲಿಲ್ಲ. ಮಳೆಗೆ ಕಿಟಕಿ ಬಾಗಿಲು ಮುಚ್ಚಿದ ಮನೆ, ಒಳಗೆ ಬಚ್ಚಲ ಒಲೆಯ ಬೆಂಕಿ, ಅಷ್ಟು ಜನರ ಉಸಿರು. ಗಾಳಿಯ ಇಂಗಾಲದ ಡೈಆಕ್ಸೈಡು ನೀರಿಗೆ ಇಳಿಯುತ್ತಿತ್ತು. ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಗಾಳಿ ಎಳೆಯುವ ಸಣ್ಣ ಪೈಪನ್ನು ಕಿಟಕಿಯ ಸಂದಿಯಿಂದ ಹೊರಗೆ ಬಿಟ್ಟೆ. ಪಿಎಚ್ 8.1ಕ್ಕೆ ಬಂತು. ಹತ್ತು ರೂಪಾಯಿಯ ಪೈಪಿನ ಕೆಲಸಕ್ಕೆ ಅಂಗಡಿಯವರು ದುಬಾರಿ ದ್ರಾವಣ ಮಾರುತ್ತಾರೆ. ತೋಟಕ್ಕೆ ಔಷಧಿ ಹೊಡೆಯುವ ದಿನ ಆ ಪೈಪು ಒಳಗಿರಬೇಕು ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಕರೆಂಟಿನ ಕಥೆ ಮಲೆನಾಡಿನವರಿಗೆ ಗೊತ್ತೇ ಇದೆ. ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಲೈನ್‌ಮನ್ ಬರುವ ತನಕ ದೇವರೇ ಗತಿ. ನೀರು ಹರಿಯದೆ ನಿಂತರೆ ಮೊದಲು ಮುಗಿಯುವುದು ಆಮ್ಲಜನಕ. ಮನೆಯ ಇನ್ವರ್ಟರಿಗೆ ನೀರು ಏರಿಸುವ ಪಂಪನ್ನು ಮಾತ್ರ ಜೋಡಿಸಿದ್ದೇನೆ. ಹೀಟರ್, ದೀಪ, ಸ್ಕಿಮ್ಮರ್ ಹಾಕಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ಅದೂ ಹೋದರೆ ಸೆಲ್ಲಿನ ಗಾಳಿಪಂಪು. ಬೇಸಿಗೆಗೆ ಬೇರೆ ಉಪಾಯ: ನೀರಿನ ಮೇಲೆ ಫ್ಯಾನ್ ಬೀಸಿದರೆ ಆವಿಯಾಗುವಾಗ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದ ಜಾಗಕ್ಕೆ ಸಿಹಿನೀರು ತುಂಬಬೇಕು, ಉಪ್ಪುನೀರಲ್ಲ. ಉಪ್ಪು ಆವಿಯಾಗುವುದಿಲ್ಲ.

ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯಾ ಹಾಕಿದರೆ ಒಂದು ದಿನದೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಬೇಕು, ಆಗ ತೊಟ್ಟಿ ಹದವಾಯಿತೆಂದು ಲೆಕ್ಕ. ಒಣಕಲ್ಲಿನಿಂದ ಶುರು ಮಾಡಿದವರಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಒಂದೊಂದು ಸಲದ ಅಮೋನಿಯಾವೂ ಏಳು ಮಿಲಿಗ್ರಾಂನಷ್ಟು ನೈಟ್ರೇಟ್ ಉಳಿಸಿ ಹೋಗುವುದರಿಂದ ಕೊನೆಗೆ ಅರ್ಧ ನೀರು ಬದಲಿಸಿದೆ. ಅಲ್ಲಿಂದ ದೀಪ ಹಾಕಿದ ಕೂಡಲೇ ಮರಳಿನ ಮೇಲೆ ಕಂದು ಪದರ ಬಂತು. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಸಿಲಿಕೇಟ್ ತಿಂದು ಬೆಳೆಯುವುದು, ತಾನಾಗಿ ಹೋಗುತ್ತದೆ. ಅದರ ಹಿಂದೆ ಹಸಿರು ಪಾಚಿ. ಆಗ ಬಸವನಹುಳುಗಳನ್ನು ಬಿಟ್ಟೆ. ತಾಮ್ರದ ಪರೀಕ್ಷೆಗೆ ಅವೇ ಅತ್ಯುತ್ತಮ ಕಿಟ್. ಗಾಜು ಹಿಡಿದು ಓಡಾಡಿಕೊಂಡಿದ್ದರೆ ನೀರು ಸರಿಯಿದೆ ಎಂದರ್ಥ.

ಮೀನಿನಲ್ಲಿ ಮೊದಲು ಬಂದದ್ದು ಕ್ಲೌನ್ ಮೀನಿನ ಒಂದು ಜೋಡಿ, ಮರಿಕೇಂದ್ರದಲ್ಲಿ ಹುಟ್ಟಿದ್ದು. ಈ ಮೀನನ್ನು ಸಾಕಿ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ರೂಢಿಸಿದೆ. ಹಾಗಿರುವಾಗ ಕಡಲಿನಿಂದ ಹಿಡಿದದ್ದು ಏಕೆ? ಮೆದುಹವಳಗಳು ಆಮೇಲೆ, ನೀರು ಕೆಲವು ತಿಂಗಳು ಸ್ಥಿರವಾಗಿ ನಿಂತ ಮೇಲೆ. ನೈಟ್ರೇಟನ್ನು ಪೂರ್ತಿ ಸೊನ್ನೆಗೆ ತರುವ ಚಪಲ ನನಗಿಲ್ಲ, 5ರಿಂದ 10 ಇದ್ದರೆ ಹವಳಕ್ಕೂ ತಿನ್ನಲು ಏನಾದರೂ ಇದ್ದಂತೆ. ನಮ್ಮಲ್ಲಿ ನೈಟ್ರೇಟ್ ಏರುವುದಕ್ಕೆ ಕಾರಣ ಬೇರೆಯೇ. ಬಂದ ನೆಂಟರೆಲ್ಲ ಮೀನು ಬಾಯಿ ಬಿಡುವುದನ್ನು ಕಂಡು "ಪಾಪ, ಹಸಿದಿವೆ" ಎಂದು ಆಹಾರ ಸುರಿಯುತ್ತಾರೆ, ಅಮ್ಮನೂ ಅವರ ಪಕ್ಷ. ಡಬ್ಬಿಯನ್ನು ಈಗ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ.